26, 27.5, 29: ಕೊಡಗಿನ ದಾರಿಗೆ ಯಾವ ಗಾಲಿ?

ಪ್ರಶ್ನೆ: ಸರ್, ನಮ್ಮದು ಕಕ್ಕಬ್ಬೆ ಹತ್ತಿರ ಕಾಫಿ ತೋಟ. ನಾನೂ ನಮ್ಮ ಯಜಮಾನರೂ ಎಂಟಿಬಿ (ಮೌಂಟನ್ ಬೈಕ್) ಸೈಕಲ್ ಕೊಳ್ಳಬೇಕೆಂದಿದ್ದೇವೆ. ನನ್ನ ಎತ್ತರ 5 ಅಡಿ 1 ಇಂಚು, ಅವರದು 5 ಅಡಿ 10. ಬೆಳಗಾಗುತ್ತಲೇ ತೋಟದ ಜೀಪ್ ದಾರಿಯಲ್ಲಿ ಒಂದು ಸುತ್ತು, ಭಾನುವಾರ ನಾಲ್ಕುನಾಡು ಅರಮನೆ ಕಡೆಗೆ, ಇಷ್ಟೇ ನಮ್ಮ ಆಸೆ. ಅಂಗಡಿಯವರು ‘ಈಗ ನಡೆಯೋದು 29 ಇಂಚೇ, ಇಬ್ಬರೂ ಅದನ್ನೇ ತಗೊಳ್ಳಿ’ ಅಂದರು. ಇಬ್ಬರದೂ ಒಂದೇ ಅಳತೆಯಾದರೆ ಸ್ಪೇರ್ ಟ್ಯೂಬೂ ಒಂದೇ ಸಾಕು ಅನ್ನುವುದು ಇವರ ವಾದ. ಏನು ಮಾಡೋಣ?
– ಓದುಗರು, ಕಕ್ಕಬ್ಬೆ

ಉತ್ತರ: ನೀವು 27.5 ಇಂಚಿನ ಗಾಲಿಯದು ತಗೊಳ್ಳಿ, ನಿಮ್ಮ ಯಜಮಾನರು 29ರದು ತಗೊಳ್ಳಲಿ. ಟ್ಯೂಬಿನ ಚಿಂತೆಗೆ ದಾರಿಯಿದೆ, ಮುಂದೆ ಹೇಳುತ್ತೇನೆ.

ಗಾಲಿಯ ಅಳತೆ ಬದಲಾದರೆ ಏನಾಗುತ್ತದೆ ಎಂದು ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಸುಲಭ. ಸುಂಟಿಕೊಪ್ಪದ ಗೆಳೆಯರೊಬ್ಬರ ಮನೆಯಲ್ಲಿ, ಕಾಫಿ ಮೂಟೆಗೆ ತುಂಬಿ ಖಾಲಿಯಾಗಿದ್ದ ಸಿಮೆಂಟು ಕಣದಲ್ಲಿ ಒಮ್ಮೆ ಎರಡು ಸೈಕಲ್ ಉರುಳಿಸಿ ನೋಡಿದ್ದೆವು. ಗಾಳಿ ತುಂಬುವ ವಾಲ್ವ್ ನೆಲದ ಕಡೆ ಬಂದಾಗ ಚಾಕ್‌ಪೀಸಿನಲ್ಲಿ ಒಂದು ಗೆರೆ, ಒಂದು ಸುತ್ತು ಉರುಳಿ ಅದೇ ವಾಲ್ವ್ ಮತ್ತೆ ಕೆಳಗೆ ಬಂದಾಗ ಇನ್ನೊಂದು ಗೆರೆ. 27.5ರ ಗಾಲಿ ಒಂದು ಸುತ್ತಿಗೆ ಸುಮಾರು 2.19 ಮೀಟರ್ ಹೋಯಿತು, 29ರ ಗಾಲಿ ಸುಮಾರು 2.31. ಅಂತರ 12 ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಮ್ಮಿ. ಆದರೆ ನಿಮ್ಮೂರಿನ ಏರಿನಲ್ಲಿ ಈ ಗೇಣು ಕಾಲಿಗೆ ಗೊತ್ತಾಗುತ್ತದೆ. ಅದೇ ಗೇರಿನಲ್ಲಿ 29 ಪ್ರತಿ ತುಳಿತಕ್ಕೂ ಹೆಚ್ಚು ದೂರ ಹೋಗುತ್ತದೆ, ಅಂದರೆ ಅಷ್ಟೇ ಹೆಚ್ಚು ಬಲ ಕೇಳುತ್ತದೆ. 27.5ರಲ್ಲಿ ಪೆಡಲಿನ ಬಳಿಯ ಚೈನು ಚಕ್ರಕ್ಕೆ 32 ಹಲ್ಲಿದ್ದರೆ, ಅದೇ ಹಗುರ ಸಿಗಬೇಕಾದರೆ 29ಕ್ಕೆ ಹೆಚ್ಚುಕಡಿಮೆ 30 ಹಲ್ಲಿನದು ಬೇಕು. ನಿಮ್ಮ ಯಜಮಾನರು ಅಂಗಡಿಯಲ್ಲಿ ಇದನ್ನು ಎಣಿಸಿ ನೋಡಲಿ, ಸಂಕೋಚ ಬೇಡ.

ಇನ್ನು ಕಲ್ಲು ಹಾಯುವ ವಿಚಾರ. ದೊಡ್ಡ ಗಾಲಿ ಎಂಥ ಕಲ್ಲನ್ನೂ ಹತ್ತಿಬಿಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: 10 ಸೆಂಟಿಮೀಟರ್ ಎತ್ತರದ ಕಲ್ಲಿಗೆ 27.5ರ ಗಾಲಿ ಸುಮಾರು 44 ಡಿಗ್ರಿ ಕೋನದಲ್ಲಿ ತಾಗಿದರೆ, 29ರ ಗಾಲಿ ಸುಮಾರು 43 ಡಿಗ್ರಿಯಲ್ಲಿ ತಾಗುತ್ತದೆ. ಒಂದು ಕಲ್ಲಿನ ಮಟ್ಟಿಗೆ ಈ ವ್ಯತ್ಯಾಸ ಏನೇನೂ ಅಲ್ಲ. ಆದರೆ ಮಳೆಗಾಲ ಮುಗಿದ ಮೇಲೆ ಜೀಪ್ ದಾರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆದ್ದು, ಮಾರಿಗೊಂದು ಗುಂಡಿ. ಅಲ್ಲಿ ಒಂದು ಗಂಟೆ ಓಡಿಸಿದರೆ 29ರಲ್ಲಿ ಕೈ, ಭುಜ ಕಡಿಮೆ ನೋಯುತ್ತವೆ. ಓಟ ಹಿಡಿದ ಮೇಲೆ ಅದು ಗುಂಡಿಗೆ ಬಿದ್ದು ನಿಲ್ಲುವುದೂ ಕಡಿಮೆ. ಇದು ನಿಜವಾದ ಲಾಭ, ನಿಮ್ಮ ಯಜಮಾನರ ಎತ್ತರದವರಿಗೆ ಧಾರಾಳವಾಗಿ ಸಿಗುತ್ತದೆ.

ಹಾಗಾದರೆ ನಿಮಗೆ ಏಕೆ ಬೇಡ? 5 ಅಡಿ 1 ಇಂಚಿನವರಿಗೆ ಹೊಂದುವ ಸಣ್ಣ ಫ್ರೇಮಿನಲ್ಲಿ 29ರ ಗಾಲಿ ಕೂರಿಸಿದರೆ ಜಾಗ ಇಕ್ಕಟ್ಟಾಗುತ್ತದೆ. ನಿಧಾನವಾಗಿ ಹೇರ್‌ಪಿನ್ ತಿರುಗಿಸುವಾಗ ಮುಂದಿನ ಟೈರು ಕಾಲಿನ ಬೆರಳಿಗೆ ತಾಗಬಹುದು. ಹ್ಯಾಂಡಲ್ ಎತ್ತರಕ್ಕೆ ಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಮೈಯನ್ನು ಹಿಂದಕ್ಕೆ ಒಯ್ಯುತ್ತೇವಲ್ಲ, ಆಗ ಹಿಂದಿನ ಟೈರು ಬಟ್ಟೆಗೆ ಉಜ್ಜುತ್ತದೆ. ಒಮ್ಮೆ ಉಜ್ಜಿದರೆ ಸಾಕು, ಮುಂದಿನ ಇಳಿಜಾರಿನಲ್ಲಿ ಹೆದರಿ ಮೈ ಮುಂದೆಯೇ ನಿಲ್ಲುತ್ತದೆ, ಮುಗ್ಗರಿಸುವುದು ಆಗಲೇ. 27.5 ನಿಮ್ಮ ಮೈಕೆಳಗೆ ಸಲೀಸಾಗಿ ಆಡುತ್ತದೆ, ಕಾಫಿ ಸಾಲುಗಳ ನಡುವಿನ ಇಕ್ಕಟ್ಟು ತಿರುವಿನಲ್ಲಿ ಬೇಗ ಹೊರಳುತ್ತದೆ, ನಿಂತಲ್ಲಿಂದ ಬೇಗ ಎತ್ತಿಕೊಳ್ಳುತ್ತದೆ. ಸೈಕಲ್ ಅಡ್ಡಲಾಗಿ ನಿಂತು ನೋಡಿ: ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದಾಗ ಫ್ರೇಮಿನ ಮೇಲ್ಕೊಳವೆಗೂ ನಿಮಗೂ ನಡುವೆ ಕನಿಷ್ಠ ಎರಡು ಇಂಚು ಇರಬೇಕು. ಇಲ್ಲದಿದ್ದರೆ ಗಾಲಿ ಯಾವುದೇ ಇರಲಿ, ಆ ಸೈಕಲ್ ಬೇಡ.

‘ಈಗ ನಡೆಯೋದು 29 ಇಂಚೇ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಶ್ವಕಪ್ ಕ್ರಾಸ್‌ಕಂಟ್ರಿಯಲ್ಲಿ ಈಗ ಕಾಣುವುದು ಹೆಚ್ಚುಕಡಿಮೆ ಎಲ್ಲ 29 ಇಂಚೇ. ಆದರೆ 2012ರ ಲಂಡನ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಚಿನ್ನ ಗೆದ್ದ ಜೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ ಓಡಿಸಿದ್ದು 29, ಬೆಳ್ಳಿ ಗೆದ್ದ ಸ್ವಿಟ್ಜರ್‌ಲೆಂಡಿನ ನೀನೋ ಶುರ್ಟರ್ ಓಡಿಸಿದ್ದು 27.5. ಸುಮಾರು ಒಂದೂವರೆ ಗಂಟೆಯ ಪಂದ್ಯದಲ್ಲಿ ಇಬ್ಬರ ನಡುವಿನ ಅಂತರ ಒಂದೇ ಒಂದು ಸೆಕೆಂಡು. ಕುಲ್ಹಾವಿ ನೀಳಕಾಯದವರು, ಶುರ್ಟರ್ ಅವರಿಗಿಂತ ಗಿಡ್ಡ. ಅವರವರ ಮೈಗೆ ಹೊಂದಿದ್ದನ್ನು ಅವರವರು ಆರಿಸಿಕೊಂಡಿದ್ದರು.

ನಮ್ಮ ಕಡೆ ಗಾಲಿಗಿಂತ ಹೆಚ್ಚು ಕೈಕೊಡುವುದು ಟೈರು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಕೆಮ್ಮಣ್ಣು ಟೈರಿಗೆ ಮೆತ್ತಿಕೊಂಡು, ಅದರ ಮೇಲೆ ಸಿಲ್ವರ್ ಓಕಿನ ಎಲೆ ಅಂಟಿಕೊಂಡು, ಮುಂಗಾಲಿ ಹಿಡಿಯುವ ಫೋರ್ಕಿನ ಸಂದಿಗೆ ಹೋಗಿ ಗಾಲಿಯೇ ಸುತ್ತದಂತೆ ಕಚ್ಚಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಡ್ಡಿಯಲ್ಲಿ ಕೆರೆದು ಬಿಡಿಸಿದ್ದೇನೆ. ಆದ್ದರಿಂದ 2.6 ಇಂಚಿನ ದಪ್ಪ ಟೈರಿಗೆ ಮನಸೋಲಬೇಡಿ. 2.25 ಅಥವಾ 2.35 ಸಾಕು. ಟೈರಿನ ಮೈಮೇಲಿನ ಗುಬಟುಗಳು ಎತ್ತರವಾಗಿ, ಬಿಡಿಬಿಡಿಯಾಗಿ ಇರಲಿ, ಮಣ್ಣು ತಾನಾಗಿ ಉದುರುತ್ತದೆ. ಗಾಳಿ ಹದವಾಗಿರಲಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತೆ ಗಟ್ಟಿಯಾಗುವ ತನಕ ತುಂಬುತ್ತಾರೆ, ಒದ್ದೆ ಬೇರಿನ ಮೇಲೆ ಅಂಥ ಟೈರು ಸೋಪಿನಂತೆ ಜಾರುತ್ತದೆ. ಟ್ಯೂಬಿರುವ ಟೈರಾದರೆ ನಿಮ್ಮದಕ್ಕೆ ಮುಂದೆ 25, ಹಿಂದೆ 28 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಂದ ಶುರುಮಾಡಿ. ರಿಮ್ ಕಲ್ಲಿಗೆ ಬಡಿದ ಸದ್ದು ಬಂದರೆ ಒಂದೆರಡು ಏರಿಸಿ. ನಿಮ್ಮ ಯಜಮಾನರಿಗೆ ತೂಕ ನೋಡಿ ಸ್ವಲ್ಪ ಹೆಚ್ಚು ಬೇಕು.

ಈಗ ಟ್ಯೂಬು. 27.5ರ ಟ್ಯೂಬನ್ನೇ ಒಂದು ಒಯ್ಯಿರಿ. ರಬ್ಬರು ಹಿಗ್ಗುವುದರಿಂದ ಅದು 29ರ ಟೈರಿನೊಳಗೂ ಕೂತು ಮನೆ ಮುಟ್ಟಿಸುತ್ತದೆ. ತಿರುಗಾಮುರುಗ ಮಾಡಬೇಡಿ, 29ರದು 27.5ರಲ್ಲಿ ಮಡಿಕೆ ಬಿದ್ದು ಅಲ್ಲೇ ತೂತಾಗುತ್ತದೆ. ಕೊಳ್ಳುವಾಗ ಇಬ್ಬರದೂ ಒಂದೇ ಬಗೆಯ ವಾಲ್ವ್ ಆಗಿರಲಿ.

ನೀವು ಕೇಳದ ಒಂದು ಮಾತು. ಸೈಕಲ್ಲಿಗೆ ಸದ್ದಿಲ್ಲ. ಜೀಪು ಬಂದರೆ ಆನೆಗೆ ದೂರದಿಂದಲೇ ತಿಳಿಯುತ್ತದೆ, ನೀವು ಬಂದದ್ದು ತಿಳಿಯುವುದಿಲ್ಲ. ಪೂರ್ತಿ ಬೆಳಕು ಹರಿಯುವ ತನಕ ಹೊರಡಬೇಡಿ. ರಾತ್ರಿ ಆನೆ ಯಾವ ಕಡೆ ಇತ್ತು ಎಂದು ತೋಟದ ರೈಟರನ್ನೋ ಲೈನ್ ಮನೆಯವರನ್ನೋ ಕೇಳಿಯೇ ಹೊರಡಿ. ತಿರುವಿಗೆ ಮುಂಚೆ ಬೆಲ್ ಬಾರಿಸಿ.

ಪ್ರಶ್ನೆ: ನನ್ನ ಬಳಿ ಹಳೆಯ 26 ಇಂಚಿನ ಎಂಟಿಬಿ ಇದೆ, ಫ್ರೇಮು ಗಟ್ಟಿಮುಟ್ಟಾಗಿದೆ. ಅದಕ್ಕೆ 27.5ರ ಗಾಲಿ ಹಾಕಿಸಬಹುದೇ? ಪೇಟೆಯ ಅಂಗಡಿಯಲ್ಲಿ 26 ಎಂದು ಬರೆದ ಟೈರು ತಂದರೆ ಕೂರುತ್ತಲೇ ಇಲ್ಲ.
– ಓದುಗರು, ಸೋಮವಾರಪೇಟೆ

ಉತ್ತರ: ಹಾಕಿಸಬೇಡಿ. ಟೈರು ಕೂರದಿರುವುದಕ್ಕೆ ಕಾರಣ ಬೇರೆ. 26 ಎಂಬ ಹೆಸರಿನಲ್ಲಿ ಹಲವು ಅಳತೆಗಳಿವೆ. ನಿಮ್ಮ ಎಂಟಿಬಿಯ ರಿಮ್ಮಿಗೆ ಬೇಕಾದದ್ದು 559 ಮಿಲಿಮೀಟರಿನದು. ಪೇಟೆ ಸೈಕಲ್ಲಿನ 26 × 1⅜ ಟೈರು 590ರದು. ಎರಡಕ್ಕೂ ಹೆಸರು 26, ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಟೈರಿನ ಪಕ್ಕದಲ್ಲಿ 54-559 ಎಂಬಂತೆ ಜೋಡಿ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲಿನದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಇಂಚು ಮರೆತು ಎರಡನೆಯ ಸಂಖ್ಯೆಯನ್ನೇ ಹೇಳಿ ಕೇಳಿ. 27.5ಕ್ಕೆ 584, 29ಕ್ಕೆ 622. ಹೆಸರು ಕೇಳಿದರೆ 27.5 ನಟ್ಟನಡುವೆ ಇದ್ದಂತೆ ಅನ್ನಿಸುತ್ತದೆ, ಆದರೆ ಅದು 26ಕ್ಕೇ ಹತ್ತಿರ.

ಹತ್ತಿರವಾದರೂ ನಿಮ್ಮ ಫ್ರೇಮಿಗೆ ಆಗದು. ರಿಮ್ಮಿನ ಅಂಚು 12.5 ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ. ರಬ್ಬರ್ ಬ್ರೇಕಾದರೆ ಅದರ ರಬ್ಬರ್ ತುಂಡು ರಿಮ್ಮಿಗೆ ಸರಿಯಾಗಿ ತಾಗುವುದಿಲ್ಲ, ಟೈರಿಗೆ ಉಜ್ಜಿ ಅದನ್ನೇ ಕೊಯ್ಯುತ್ತದೆ. ಡಿಸ್ಕ್ ಬ್ರೇಕಾದರೆ ಆ ತೊಂದರೆಯಿಲ್ಲ. ಆದರೆ ಟೈರಿಗೂ ಫ್ರೇಮಿಗೂ ನಡುವೆ ಕೈಬೆರಳು ಹೋಗುವಷ್ಟು ಜಾಗ ಉಳಿಯದಿದ್ದರೆ ನಿಮ್ಮೂರಿನ ಜೂನ್ ತಿಂಗಳಲ್ಲಿ ಸೈಕಲ್ಲನ್ನು ಹೊತ್ತೇ ತರಬೇಕು. ಮೌಂಟನ್ ಬೈಕ್ ಹುಟ್ಟಿದ್ದೇ ಈ 26ರ ಗಾಲಿಯ ಮೇಲೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುತ್ತಿದ್ದರು, ಅವುಗಳ ಗಾಲಿ 26 ಇಂಚು, ಅದೇ ಉಳಿದುಬಂತು. ನಿಮ್ಮದು ಇನ್ನೂ ಗಟ್ಟಿಯಿದ್ದರೆ 559ರ ಒಳ್ಳೆಯ ಟೈರು ಸಿಕ್ಕಾಗ ಎರಡು ಜೊತೆ ತೆಗೆದಿಟ್ಟುಕೊಳ್ಳಿ. ಒಳ್ಳೆಯ ಗುಬಟಿನವು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿವೆ.

ಪ್ರಶ್ನೆ: ಮುಂದೆ 29, ಹಿಂದೆ 27.5 ಹಾಕುವ ‘ಮುಲೆಟ್’ ಹೇಗೆ? ನನ್ನ 29ರ ಸೈಕಲ್ಲಿನ ಹಿಂದಿನ ಗಾಲಿ ಮಾತ್ರ ಬದಲಿಸಿದರೆ ಸಾಕಲ್ಲವೇ?
– ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಅದಕ್ಕೆಂದೇ ಮಾಡಿದ ಫ್ರೇಮಾದರೆ ಚೆನ್ನಾಗಿದೆ, ಕಡಿದಾದ ಇಳಿಜಾರಿನಲ್ಲಿ ಮುಂಗಾಲಿ ಕಲ್ಲು ದಾಟಿಸುತ್ತದೆ, ಹಿಂಗಾಲಿ ಬೇಗ ಹೊರಳುತ್ತದೆ. 2019ರಿಂದ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಪಂದ್ಯಗಳಲ್ಲೂ ಇದಕ್ಕೆ ಅವಕಾಶವಿದೆ. ನಿಮ್ಮ ಸೈಕಲ್ಲಿಗೆ ಸುಮ್ಮನೆ ಹಿಂದಿನ ಗಾಲಿ ಬದಲಿಸಿದರೆ ಹಿಂದಿನ ಅಚ್ಚು 19 ಮಿಲಿಮೀಟರ್ ಇಳಿಯುತ್ತದೆ, ಪೆಡಲ್ ಇರುವ ಜಾಗ ಸುಮಾರು 12 ಮಿಲಿಮೀಟರ್ ತಗ್ಗುತ್ತದೆ, ಫೋರ್ಕು ಸುಮಾರು ಒಂದು ಡಿಗ್ರಿ ಹಿಂದಕ್ಕೆ ಒರಗುತ್ತದೆ. ಏರಿನಲ್ಲಿ ಮುಂಗಾಲಿ ಅಲೆದಾಡುತ್ತದೆ, ಬೇರು ಕಲ್ಲುಗಳಿಗೆ ಪೆಡಲ್ ಬಡಿಯುತ್ತದೆ. ನೀವಿನ್ನೂ ವಿದ್ಯಾರ್ಥಿ, ಹೊಸ ಗಾಲಿಗೆ ಕೊಡುವ ಹಣದಲ್ಲಿ ಒಳ್ಳೆಯ ಮುಂದಿನ ಟೈರು, ಹೊಸ ಬ್ರೇಕ್ ಪ್ಯಾಡು, ಒಂದು ಹೆಲ್ಮೆಟ್ ಕೊಂಡರೂ ಕಾಸು ಮಿಗುತ್ತದೆ. ಹೆಲ್ಮೆಟ್ ಮೊದಲು ಕೊಳ್ಳಿ.