ಪ್ರತಿಕ್ರಿಯೆ: ಅಳತೆಯ ವಿಜ್ಞಾನಕ್ಕೆ ಸರ್ಕಾರದ ದುಡ್ಡು ಯಾಕೆ?

ಲಾಭ ಕಂಪನಿಗಳಿಗೆ ಆಗುವಾಗ ಬ್ರಿಟನ್ ಸರ್ಕಾರ ಅಳತೆಯ ಪ್ರಯೋಗಾಲಯಗಳಿಗೆ ಯಾಕೆ ದುಡ್ಡು ಕೊಡಬೇಕು, ಖಾಸಗಿಯವರಿಗೇ ಬಿಡಬಾರದೇ ಅಂತ ಕೇಳಿದ್ದೀರಿ.

ಸ್ವಲ್ಪ ಮಟ್ಟಿಗೆ ಬಿಟ್ಟೇ ಇದ್ದಾರೆ. ಅಲ್ಲಿನ ರಾಷ್ಟ್ರೀಯ ಅಳತೆ ವ್ಯವಸ್ಥೆ ಒಂದೇ ಕಟ್ಟಡದಲ್ಲಿಲ್ಲ. ಲಂಡನ್‌ನ ಟೆಡಿಂಗ್ಟನ್‌ನಲ್ಲಿರುವ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ಕಾರದ್ದೇ ಕಂಪನಿ. ರಾಸಾಯನಿಕ ಅಳತೆ ನೋಡುವ ಎಲ್‌ಜಿಸಿ, ದ್ರವ ಮತ್ತು ಅನಿಲದ ಹರಿವು ಅಳೆಯುವ ಎನ್‌ಇಎಲ್ ಎರಡೂ ಖಾಸಗಿ. ವಿಜ್ಞಾನ ಇಲಾಖೆ ಇವುಗಳಿಗೆ ಕೆಲಸ ವಹಿಸಿ ಹಣ ಕೊಡುತ್ತದೆ. ಉಪಕರಣಗಳ ಕ್ಯಾಲಿಬ್ರೇಷನ್‌ಗೆ, ಅಂದರೆ ಅವು ಸರಿಯಾಗಿ ಅಳೆಯುತ್ತವೆಯೇ ಎಂದು ಮಾನದಂಡದ ಜೊತೆ ಹೋಲಿಸಿ ನೋಡುವುದಕ್ಕೆ, ಮಾತ್ರ ಗಿರಾಕಿಗಳೇ ಶುಲ್ಕ ಕಟ್ಟುತ್ತಾರೆ. ಎನ್‌ಪಿಎಲ್ ಅನ್ನೂ 1995ರಿಂದ 2014ರ ಕೊನೆಯವರೆಗೆ ಸೆರ್ಕೊ ಎಂಬ ಖಾಸಗಿ ಕಂಪನಿ ನಡೆಸಿತ್ತು. ಆಮೇಲೆ ಸರ್ಕಾರ ವಾಪಸ್ ತೆಗೆದುಕೊಂಡಿತು.

ಆದರೆ ಮೂಲ ಸಂಶೋಧನೆಗೆ ಶುಲ್ಕ ಯಾರು ಕಟ್ಟುತ್ತಾರೆ ಹೇಳಿ? ಬ್ರಯನ್ ಕಿಬಲ್ ಎಂಬ ವಿಜ್ಞಾನಿ ವಿದ್ಯುತ್ ಬಲದಿಂದ ತೂಕ ಅಳೆಯುವ ತಕ್ಕಡಿಯ ಯೋಚನೆ ಮುಂದಿಟ್ಟಿದ್ದು 1975ರಲ್ಲಿ, ಎನ್‌ಪಿಎಲ್‌ನಲ್ಲಿದ್ದಾಗ. ಅಂಥ ತಕ್ಕಡಿಗಳ ನೆರವಿನಿಂದ ಕಿಲೋಗ್ರಾಂಗೆ ಹೊಸ ವ್ಯಾಖ್ಯೆ ಜಾರಿಗೆ ಬಂದಿದ್ದು 2019ರ ಮೇ 20ರಂದು. ಅಷ್ಟು ವರ್ಷ ಕಾಯುವ ಷೇರುದಾರರು ಸಿಗುವುದಿಲ್ಲ. ಫಲವೂ ಒಬ್ಬರ ಕೈಲಿ ಉಳಿಯುವುದಿಲ್ಲ, ಎಲ್ಲರೂ ಬಳಸುತ್ತಾರೆ. ತಮಾಷೆ ಏನೆಂದರೆ, ಎನ್‌ಪಿಎಲ್‌ನ ಆ ತಕ್ಕಡಿ ಕೊನೆಗೆ ಕೆನಡಾ ಪಾಲಾಯಿತು. 2019ರ ಹೊಸ ವ್ಯಾಖ್ಯೆಗೆ ಬೇಕಾದ ಅತ್ಯಂತ ನಿಖರ ಅಳತೆಗಳಲ್ಲಿ ಒಂದು ಬಂದಿದ್ದು ಅಲ್ಲಿಂದಲೇ!

ಹಾಗಾಗಿ ಕ್ಯಾಲಿಬ್ರೇಷನ್ ಸೇವೆಯನ್ನು ಮಾರುಕಟ್ಟೆಗೆ ಬಿಡಿ, ನನ್ನ ತಕರಾರಿಲ್ಲ. ಮೂಲ ಸಂಶೋಧನೆಯನ್ನು ಸುಮ್ನೆ ಬಿಟ್ಟರೆ ಅದು ನಿಂತೇ ಹೋಗುತ್ತದೆ.