ಸೈರನ್ ಎರಡು ದಿನ ಮೊದಲೇ ಕೂಗಿದೆ

ಮಾನ್ಯರೇ,

1939ರ ಇಂಗ್ಲಿಷ್ ಕ್ರಿಕೆಟ್ ಋತು ಯುದ್ಧದಿಂದ ಮೊಟಕಾದುದನ್ನು ಕುರಿತ ನಿಮ್ಮ ಇಪ್ಪತ್ತೆರಡು ಪುಟಗಳ ಕಥೆಯನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ.

ಮೊದಲ ಆರು ಪುಟಗಳನ್ನು ಹಿಟ್ಲರನೇ ತಿಂದುಹಾಕಿದ್ದಾನೆ. ತೆಗೆಯಿರಿ. ನಿಮ್ಮ ಕಥೆ ಇರುವುದು ಸಸೆಕ್ಸ್ ಕೌಂಟಿಯ ಹೋವ್ ಮೈದಾನದಲ್ಲಿ, ಸೆಪ್ಟೆಂಬರ್ 1ರಂದು. ಬೆಳಗಿನ ಜಾವ ಜರ್ಮನಿ ಪೋಲೆಂಡಿಗೆ ನುಗ್ಗಿದೆ. ಇತ್ತ ಮಳೆಗೆ ನೆಂದ ಪಿಚ್ಚಿನ ಮೇಲೆ ಯಾರ್ಕ್‌ಷೈರಿನ ಎಡಗೈ ಸ್ಪಿನ್ನರ್ ಹೆಡ್ಲಿ ವೆರಿಟಿ ಒಂಬತ್ತೇ ರನ್ ಕೊಟ್ಟು ಏಳು ವಿಕೆಟ್ ಕೀಳುತ್ತಾರೆ. ಸಸೆಕ್ಸ್ 33ಕ್ಕೆ ಆಲೌಟ್. ಮೊದಲ ಇನಿಂಗ್ಸ್‌ನಲ್ಲಿ ಇದೇ ತಂಡ 387 ಹೊಡೆದಿತ್ತು. ಇಂಥ ಅಂಕಿಯನ್ನು ಬಿಟ್ಟು ‘ರೋಚಕ ಕುಸಿತ’ ಎಂದು ಬರೆಯುತ್ತಾರೆಯೇ?

ನೀವೋ, ವೆರಿಟಿಯವರ ಕೊನೆಯ ಚೆಂಡಿಗೆ ಸರಿಯಾಗಿ ಸೈರನ್ ಕೂಗಿಸಿ, ‘ಇದು ತನ್ನ ಕಡೆಯ ಪಂದ್ಯವೆಂದು ಅವರಿಗೆ ತಿಳಿದಿತ್ತು’ ಎಂದಿದ್ದೀರಿ. ಬ್ರಿಟನ್ ಯುದ್ಧ ಸಾರಿದ್ದು 3ರಂದು. ಸೈರನ್ ಅಳಿಸಿದರೆ ಆ ತಪ್ಪು ಹೋಗುತ್ತದೆ. ‘ತಿಳಿದಿತ್ತು’ ಎಂಬುದು ಅಷ್ಟು ಸುಲಭಕ್ಕೆ ಹೋಗದು, ಏಕೆಂದರೆ ಅದು ಪ್ರತಿ ಪುಟದಲ್ಲೂ ಹರಡಿಕೊಂಡಿದೆ. ಅವರು ಸಿಸಿಲಿಯಲ್ಲಿ ಗಾಯಗೊಂಡು, 1943ರಲ್ಲಿ ಇಟಲಿಯ ಕಸೆರ್ಟಾದಲ್ಲಿ ಸೆರೆಯಾಳಾಗಿ ತೀರಿಕೊಂಡದ್ದು ಗೊತ್ತಿರುವುದು ನಿಮಗೆ, ನನಗೆ. ಅಂದು ಅಲ್ಲಿದ್ದವರಿಗೆ ಅಳುಕು ಮಾತ್ರ ಇತ್ತು: ಇಂಗ್ಲೆಂಡ್ ಪ್ರವಾಸದಲ್ಲಿದ್ದ ವೆಸ್ಟ್ ಇಂಡೀಸ್ ತಂಡ ಉಳಿದ ಪಂದ್ಯಗಳನ್ನು ಬಿಟ್ಟು ಆಗಲೇ ಹಡಗು ಹತ್ತಿತ್ತು. ಆದರೂ ಹೋವ್‌ನಲ್ಲಿ ಆಟ ನಡೆಯಿತು. ಅದು ಸಸೆಕ್ಸಿನ ಜಿಮ್ ಪಾರ್ಕ್ಸ್ ಅವರ ಸಹಾಯಾರ್ಥ ಪಂದ್ಯ. ಅವರ ಕೈಗೆ ನಾಲ್ಕು ಕಾಸು ಸೇರಬೇಕಿತ್ತು. ಜಗತ್ತು ಹೊತ್ತಿಕೊಳ್ಳುವಾಗ ಟಿಕೆಟ್ಟಿನ ಹಣದ ಚಿಂತೆ! ಇದನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನಾನಾಗಿದ್ದರೆ ಎರಡು ಪುಟ ಕೊಡುತ್ತಿದ್ದೆ.

ಸಣ್ಣವು: ಆ ವರ್ಷ ಇಂಗ್ಲೆಂಡಿನಲ್ಲಿ ಓವರಿಗೆ ಎಂಟು ಚೆಂಡು, ಆರಲ್ಲ. ಜೂನ್‌ನಲ್ಲಿ ಲಾರ್ಡ್ಸ್ ಟೆಸ್ಟಿನ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಬಾರಿಸಿದವರು ವೆಸ್ಟ್ ಇಂಡೀಸಿನ ಜಾರ್ಜ್ ಹೆಡ್ಲಿ. ನಿಮ್ಮಲ್ಲಿ ಇವರೂ ವೆರಿಟಿಯವರೂ ಬರಿಯ ‘ಹೆಡ್ಲಿ’ ಆಗಿರುವುದರಿಂದ, ಏಳನೆಯ ಪುಟದಲ್ಲಿ ಶತಕ ಹೊಡೆದವರೇ ಒಂಬತ್ತನೆಯದರಲ್ಲಿ ಬೌಲಿಂಗಿಗೆ ಇಳಿಯುತ್ತಾರೆ. (ನಮ್ಮ ಕರಡು ತಿದ್ದುವವರು ಆಲ್‌ರೌಂಡರ್ ಎಂದೇ ನಂಬಿದ್ದರು.)

ಬಸ್ಸಿನ ದೃಶ್ಯವನ್ನು ಮಾತ್ರ ಮುಟ್ಟಬೇಡಿ. ದೀಪ ಆರಿಸಿದ ಊರುಗಳ ನಡುವೆ ಗೆದ್ದ ಯಾರ್ಕ್‌ಷೈರ್ ತಂಡ ಉತ್ತರಕ್ಕೆ ಹೊರಟಿದೆ, ಯಾರೂ ಪಂದ್ಯದ ಮಾತೆತ್ತುವುದಿಲ್ಲ, ಒಬ್ಬ ಕಡ್ಡಿ ಗೀರಿ ಗಡಿಯಾರ ನೋಡುತ್ತಾನೆ. ಕಥೆಯನ್ನು ಅಲ್ಲಿಗೇ ನಿಲ್ಲಿಸಿ. ಸಮಾಧಿಯ ಮುಂದಿನ ಮೂರು ಪುಟ ಬೇಡ. ಹನ್ನೆರಡು ಪುಟಕ್ಕೆ ಇಳಿಸಿ ಮತ್ತೆ ಕಳುಹಿಸಿ, ಓದುತ್ತೇನೆ.

ಇತಿ,
ಸಂಪಾದಕ