ಖಿನ್ನತೆಯಲ್ಲಿ ಬೆಳಿಗ್ಗೆ ಏಳಲಾಗುವುದಿಲ್ಲ, ಊಟ ಸೇರುವುದಿಲ್ಲ: ಏನು ಮಾಡಬೇಕು?

ಮಾತ್ರೆ ಶುರುವಾಗಿ ಹತ್ತು ದಿನವಾದರೂ ಬೆಳಿಗ್ಗೆ ಎದೆಯ ಮೇಲೆ ಕಲ್ಲಿಟ್ಟಂತಿರುತ್ತದೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಸಂಜೆಗೆ ಒಂದಿಷ್ಟು ಹಗುರಾಗುವುದನ್ನು ಕಂಡು ಮನೆಯವರು ಇದೆಲ್ಲ ಸೋಮಾರಿತನ ಎನ್ನುತ್ತಾರೆ ಎಂದು ನೀವು ಬರೆದಿದ್ದೀರಿ. ನಾನು ವೈದ್ಯನಲ್ಲ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವನು. ಮೂರು ವರ್ಷದ ಹಿಂದೆ ಏಳು ತಿಂಗಳು ನಿಮ್ಮದೇ ಸ್ಥಿತಿಯಲ್ಲಿ ಕಳೆದಿದ್ದೇನೆ, ಆ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಮೊದಲು ಸೋಮಾರಿತನದ ಮಾತನ್ನು ತೆಗೆದುಕೊಳ್ಳೋಣ, ಏಕೆಂದರೆ ನನ್ನನ್ನು ಅತಿ ಹೆಚ್ಚು ತಿಂದದ್ದು ಅದೇ. ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಗಿ, ಏಳುವ ಶಕ್ತಿಯಿಲ್ಲದೆ ಗೋಡೆ ನೋಡುತ್ತ ಮಲಗಿರುತ್ತಿದ್ದ ನಾನು ಸಂಜೆ ಐದಕ್ಕೆ ಅಂಗಳದಲ್ಲಿ ಕುಳಿತು ಪಕ್ಕದ ಮನೆಯವರೊಡನೆ ರೇಷ್ಮೆ ಗೂಡಿನ ದರ ಮಾತಾಡುತ್ತಿದ್ದೆ. ಹಾಗಾದರೆ ಬೆಳಿಗ್ಗೆ ನಟಿಸುತ್ತಿದ್ದೆನೇ ಎಂದು ನನಗೇ ಅನುಮಾನ ಬಂದಿತ್ತು. ಕೊನೆಗೆ ಮನೋವೈದ್ಯರ ಬಳಿ ಹೋದಾಗ ಅವರು ಮೊದಲೇ ಕೇಳಿದ್ದು, ‘ಭಾರ ಹೆಚ್ಚಿರುವುದು ಬೆಳಿಗ್ಗೆಯೋ ಸಂಜೆಯೋ?’ ಎಂದು. ನಸುಕಿನಲ್ಲಿ ಎಚ್ಚರವಾಗುವುದು, ಬೆಳಿಗ್ಗೆ ಮನಸ್ಸು ಪೂರ್ತಿ ಕುಸಿದು ಹೊತ್ತು ಇಳಿದಂತೆ ಸ್ವಲ್ಪ ಚೇತರಿಸುವುದು, ಹಸಿವು ಹೋಗಿ ತೂಕ ಇಳಿಯುವುದು, ಇವೆಲ್ಲ ಒಂದು ಬಗೆಯ ಖಿನ್ನತೆಯಲ್ಲಿ ಜೊತೆಯಾಗಿಯೇ ಕಾಣುವ ಲಕ್ಷಣಗಳು ಎಂದು ಅವರು ತಿಳಿಸಿದರು. ಅಂದರೆ ಸಂಜೆ ನೀವು ನಗುವುದು ಕಾಯಿಲೆ ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ, ಅದು ಕಾಯಿಲೆಯದೇ ನಡೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ. ಈ ಮಾತನ್ನು ನಾವು ಹೇಳಿದರೆ ನೆಪವಾಗುತ್ತದೆ, ವೈದ್ಯರು ಹೇಳಿದರೆ ಕಾಯಿಲೆಯಾಗುತ್ತದೆ.

ಊಟದ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ತಪ್ಪು ಆಯಿತು. ರೇಷ್ಮೆ ಹುಳು ಪೊರೆ ಬಿಡುವ ಮುನ್ನ ತಲೆಯೆತ್ತಿ ಅಲುಗಾಡದೆ ಕೂರುತ್ತದೆ; ಅದಕ್ಕೆ ನಮ್ಮಲ್ಲಿ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಜ್ವರದಿಂದ ಎದ್ದ ಮೇಲೆ ಅದು ತಾನಾಗಿ ಮೇಯುತ್ತದೆ. ನನ್ನ ತಾಯಿಯೂ ‘ಜ್ವರಕ್ಕೆ ಕೂತವ್ನೆ, ಎದ್ದ ಮೇಲೆ ಉಣ್ತಾನೆ ಬಿಡು’ ಎಂದು ಪ್ರೀತಿಯಿಂದಲೇ ನನ್ನನ್ನು ಬಿಟ್ಟುಬಿಟ್ಟರು, ನಾನೂ ಹಸಿವಿಗಾಗಿ ಕಾಯುತ್ತ ಕುಳಿತೆ. ಎರಡು ತಿಂಗಳಲ್ಲಿ ಆರು ಕಿಲೋ ಇಳಿದೆ, ಕೈ ನಡುಗುತ್ತಿತ್ತು, ನಿಂತರೆ ತಲೆ ಸುತ್ತುತ್ತಿತ್ತು, ಆ ನಿಶ್ಶಕ್ತಿ ಬೆಳಗಿನ ಭಾರಕ್ಕೆ ಇನ್ನಷ್ಟು ಭಾರ ಸೇರಿಸಿತು. ಹುಳುವಿಗೆ ಸಲ್ಲುವ ನಿಯಮ ಮನುಷ್ಯನಿಗೆ ಸಲ್ಲುವುದಿಲ್ಲ. ಈ ಕಾಯಿಲೆಯಲ್ಲಿ ಹಸಿವನ್ನು ನಂಬಿ ಉಣ್ಣಬಾರದು, ಗಡಿಯಾರ ನೋಡಿ ಉಣ್ಣಬೇಕು.

ತಟ್ಟೆ ತುಂಬ ಬಡಿಸಿಕೊಂಡರೆ ನೋಡಿದ ಕೂಡಲೇ ಸಾಕೆನಿಸುತ್ತದೆ, ಆದ್ದರಿಂದ ನಾನು ಎರಡೂವರೆ ಮೂರು ಗಂಟೆಗೊಮ್ಮೆ ನಾಲ್ಕೇ ತುತ್ತು ತಿನ್ನಲು ಶುರುಮಾಡಿದೆ. ಬೆಳಿಗ್ಗೆ ಏಳಕ್ಕೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಅರ್ಧ ಲೋಟ, ಹತ್ತಕ್ಕೆ ಒಂದು ಬಾಳೆಹಣ್ಣು ಅಥವಾ ಬೇಯಿಸಿದ ಮೊಟ್ಟೆ. ಅಗಿಯುವುದೇ ದೊಡ್ಡ ಕೆಲಸವೆನಿಸುವ ದಿನಗಳಲ್ಲಿ ಕುಡಿಯುವ ಆಹಾರ ಉಳಿಸುತ್ತದೆ. ನಮ್ಮ ಕಡೆಯ ಮುದ್ದೆಗೆ ಇರುವ ಒಂದು ಗುಣ ನನಗೆ ಆಗಲೇ ತಿಳಿದದ್ದು: ಅದನ್ನು ಅಗಿಯಬೇಕಾಗಿಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿದ್ದರೆ ಬಿಸಿ ಅಡುಗೆ ಬಿಡಿ, ಆರಿದ ಮೊಸರನ್ನಕ್ಕೆ ವಾಸನೆ ಕಡಿಮೆ. ಖಾಲಿ ಹೊಟ್ಟೆಗೆ ಕಾಫಿ ಮಾತ್ರ ಬೇಡ. ನನಗೆ ಅದು ನಡುಕವನ್ನೂ ಆತಂಕವನ್ನೂ ಹೆಚ್ಚಿಸುತ್ತಿತ್ತು. ನಿಜವಾಗಿ ರುಚಿಸುವುದು ಸಂಜೆಯಾದರೆ ಆ ಹೊತ್ತಿನಲ್ಲೇ ದಿನದ ದೊಡ್ಡ ಊಟ ಮಾಡಿ, ಸಂಪ್ರದಾಯ ಏನೇ ಇರಲಿ.

ಬೆಳಗಿನ ಕೆಲಸವನ್ನು ಪೂರ್ತಿ ತಪ್ಪಿಸಿಕೊಳ್ಳಲು ನಮಗಾಗುವುದಿಲ್ಲ, ಕೊನೆಯ ಹಂತದ ಹುಳು ಆರು ಗಂಟೆಗೆ ಸೊಪ್ಪು ಕೇಳುತ್ತದೆ. ಆ ಸಲದ ಹುಳು ಸಾಕಣೆಯಲ್ಲಿ ಬೆಳಗಿನ ಸೊಪ್ಪು ನನ್ನ ಹೆಂಡತಿಯ ಪಾಲಿಗೆ, ಸಂಜೆಯದು ನನ್ನ ಪಾಲಿಗೆ ಎಂದು ಹಂಚಿಕೊಂಡೆವು. ನೀವೂ ಲೆಕ್ಕಪತ್ರ, ಕಷ್ಟದ ಮಾತುಕತೆ, ನಿರ್ಧಾರಗಳನ್ನು ಮಧ್ಯಾಹ್ನದ ನಂತರಕ್ಕೆ ತಳ್ಳಿ. ನಾಳೆಯ ಬಟ್ಟೆ, ನೀರಿನ ಚೊಂಬು, ಹುರಿಗಡಲೆಯ ಡಬ್ಬಿಯನ್ನು ಇಂದಿನ ಸಂಜೆಯೇ ಮಂಚದ ಪಕ್ಕ ಇಟ್ಟುಕೊಳ್ಳಿ. ಬೆಳಿಗ್ಗೆ ಮಾಡಬೇಕಾದದ್ದು ಎರಡೇ: ದಿನವೂ ಒಂದೇ ಹೊತ್ತಿಗೆ ಹಾಸಿಗೆ ಬಿಡುವುದು, ಕಾಲು ಗಂಟೆಯಾದರೂ ಹೊರಗೆ ಬೆಳಕಿನಲ್ಲಿರುವುದು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುವ ಮುಖ್ಯ ಸೂಚನೆ. ನಡೆಯಲೇಬೇಕೆಂದಿಲ್ಲ, ನಾನು ಮೊದಲ ವಾರವೆಲ್ಲ ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದೆ ಅಷ್ಟೆ.

ಹತ್ತು ದಿನಕ್ಕೆ ಮಾತ್ರೆಯ ಮೇಲೆ ತೀರ್ಪು ಕೊಡಬೇಡಿ. ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಹಲವು ಮಾತ್ರೆಗಳು ಮೊದಲ ವಾರಗಳಲ್ಲಿ ತಾವೇ ವಾಕರಿಕೆ ತಂದು ಹಸಿವನ್ನು ಇನ್ನಷ್ಟು ಕೆಡಿಸುತ್ತವೆ. ಆ ವಾಕರಿಕೆಯನ್ನು ವೈದ್ಯರಿಗೆ ತಿಳಿಸಿ, ನುಂಗುವ ಹೊತ್ತನ್ನು ಅವರೇ ಬದಲಿಸಬಹುದು, ನೀವಾಗಿಯೇ ನಿಲ್ಲಿಸಬೇಡಿ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಆಗಿಲ್ಲವಾದರೆ ಕೇಳಿ ಮಾಡಿಸಿ, ಅವುಗಳಿಂದಲೂ ಇಂಥದೇ ಸುಸ್ತು ಬರುತ್ತದೆ. ನೀರೂ ಇಳಿಯದಿದ್ದರೆ, ಅಥವಾ ಬದುಕುವುದು ಬೇಡವೆನ್ನುವ ಯೋಚನೆ ಬಂದರೆ, ಅದು ಬೆಳಿಗ್ಗೆ ನಾಲ್ಕು ಗಂಟೆಯೇ ಆಗಿರಲಿ, ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಹುಳು ಯಾವ ದಿನ ಜ್ವರಕ್ಕೆ ಕೂತಿತು ಎಂದು ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ನಾನು ದಿನವೂ ಒಂದು ಗಂಟೆಯನ್ನು ಬರೆಯುತ್ತಿದ್ದೆ: ಎದೆಯ ಕಲ್ಲು ಇಂದು ಎಷ್ಟು ಹೊತ್ತಿಗೆ ಹಗುರಾಯಿತು ಎಂದು. ಮೊದಲು ಸಂಜೆ ನಾಲ್ಕು, ಐದು. ಮೂರನೇ ವಾರ ಕಳೆದ ಮೇಲೆ ಎರಡು, ಮತ್ತೆ ನಾಲ್ಕೂವರೆ, ಆಮೇಲೆ ಹನ್ನೆರಡು. ನನಗೆ ಗುಣವಾಗುತ್ತಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ, ಆದರೆ ಆ ಹಾಳೆಯನ್ನು ಮಡಚಿ ತೆಗೆದುಕೊಂಡು ಹೋಗಿ ತೋರಿಸಿದಾಗ ವೈದ್ಯರು ಅದನ್ನು ನೋಡಿಯೇ ಮಾತ್ರೆ ಬದಲಿಸುವುದು ಬೇಡ, ಇದೇ ಮುಂದುವರಿಯಲಿ ಎಂದರು.